ಪ್ಯಾನಿಂಗ್ (ಒಂದೊಂದು ವಾದ್ಯದ ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸೋದು) ಎಷ್ಟು ದೂರ ಮಾಡ್ತೀರಿ? ಅನುಭವ ಹೇಳಿ

ಹೊಸ_ಮಿಕ್ಸರ್: ಮನೆಯಲ್ಲೇ ಆರು ಭಾವಗೀತೆ ರೆಕಾರ್ಡ್ ಮಾಡಿದ್ದೇನೆ. ದನಿ, ತಬಲಾ, ಕೊಳಲು, ಕೀಬೋರ್ಡ್, ಕೋರಸ್. ಎಲ್ಲ ನಡುವೆ ಇಟ್ಟರೆ ಒಂದರ ಮೇಲೊಂದು ಬಿದ್ದ ಹಾಗಿದೆ. ಕೊಳಲನ್ನು ಎಷ್ಟು ಎಡಕ್ಕೆ ಸರಿಸಲಿ?

ಹಳೇ_ಕೀಬೋರ್ಡು: ಮೊದಲು ಕೋರಸ್ ನೋಡಿಕೊಳ್ಳಿ. ನಾನು ಎಂಟು ದೇವರನಾಮ ಮಿಕ್ಸ್ ಮಾಡಿದ್ದೆ. ಅಗಲ ಕೇಳಿಸಲಿ ಅಂತ ಕೋರಸ್‌ನ ಒಂದೇ ಟೇಕ್ ಕಾಪಿ ಮಾಡಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು 18 ಮಿಲಿಸೆಕೆಂಡ್ ತಡ ಮಾಡಿ ಪೂರ್ತಿ ಬಲಕ್ಕೆ ಹಾಕಿದೆ. ಹೆಡ್‌ಫೋನಲ್ಲಿ ಮೈ ಜುಂ ಅಂದಿತ್ತು. ಜಾತ್ರೆ ದಿನ ದೇವಸ್ಥಾನದ ಹಾರ್ನ್‌ನಲ್ಲಿ ಹಾಕಿದರು. ಅದು ಮೋನೋ, ಅಂದರೆ ಎಡ-ಬಲ ಎರಡನ್ನೂ ಸೇರಿಸಿ ಒಂದೇ ಸದ್ದಾಗಿ ಕೊಡುತ್ತೆ. ಎರಡೂ ಕಡೆಯದು ಸೇರಿದ್ದೇ ತಡ, ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗಾಯಿತು. ನಮ್ಮಪ್ಪ ಪಕ್ಕದಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಹಾಡುವವರನ್ನು ಮತ್ತೆ ಕರೆಸಿ ಎರಡೆರಡು ಬೇರೆ ಟೇಕ್ ತೆಗೆಯೋಕೆ 9,600 ರೂಪಾಯಿ, ಎರಡನೇ ಸಲ ಮಾಸ್ಟರಿಂಗ್ (ಮಿಕ್ಸ್ ಆದ ಮೇಲಿನ ಕೊನೆಯ ಹದ) 8,000, ಅವರ ಆಟೋಗೆ 1,150. ಹನ್ನೊಂದು ರಾತ್ರಿ ನಿದ್ದೆ ಇಲ್ಲ. ಬೇರೆ ಟೇಕ್ ಹಾಕಿದ ಮೇಲೆ ಅದೇ ಹಾರ್ನ್‌ನಲ್ಲೂ ಗಟ್ಟಿಯಾಗಿ ನಿಂತಿತು.

ಎಡ_ನಡು_ಬಲ: ನಾನು ಮೂರೇ ಜಾಗ ಬಳಸೋದು. ಪೂರ್ತಿ ಎಡ, ನಡು, ಪೂರ್ತಿ ಬಲ. 30, 45 ಅಂತ ನಾಬ್ ತಿರುಗಿಸುತ್ತಾ ಎರಡು ವರ್ಷ ಹಾಳು ಮಾಡಿಕೊಂಡೆ. ಈಗ ದನಿ, ಬೇಸ್ ನಡುವೆ, ತಬಲಾ ಎಡಕ್ಕೆ, ಅದರ ಜೋಡಿಯ ದಪ್ಪ ದನಿಯ ಡಗ್ಗಾ ಬಲಕ್ಕೆ. ಅರ್ಧ ದಿನದಲ್ಲಿ ಮಿಕ್ಸ್ ಮುಗಿಯುತ್ತೆ.

ತಿರಕಿಟ: ಇದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ತಬಲಾ ನುಡಿಸುತ್ತಿದ್ದೇನೆ. ನನ್ನ ಎರಡು ಕೈ ನಡುವೆ ಒಂದು ಮೊಳವೂ ಇಲ್ಲ. ಒಬ್ಬರು ನನ್ನ ವಾದನವನ್ನು ಹೀಗೇ ಹರಿದು ಹಂಚಿದ್ದರು. ತಿರಕಿಟದಲ್ಲಿ 'ಕಿ' ಒಂದೇ ಇನ್ನೊಂದು ಕಿವಿಗೆ ಹಾರುತ್ತಿತ್ತು. 'ಧಾ' ಒಂದು ಪೆಟ್ಟಾಗಿ ಕೇಳಲೇ ಇಲ್ಲ. ಆ ಹಾಡನ್ನು ಇವತ್ತಿಗೂ ಯಾರಿಗೂ ಕಳಿಸಿಲ್ಲ. ಡಗ್ಗಾ ಹೆಚ್ಚುಕಮ್ಮಿ ನಡುವೆ ಇರಲಿ, ತಬಲಾ ಸ್ವಲ್ಪ ಸರಿದರೆ ಸಾಕು.

ಎಡ_ನಡು_ಬಲ: ಕೇಳುವವರಿಗೆ ವಾದ್ಯ ಬೇರೆ ಬೇರೆಯಾಗಿ ಕೇಳಬೇಕು ಸ್ವಾಮಿ. ನುಡಿಸುವವರ ಖುಷಿಗೆ ಮಿಕ್ಸ್ ಮಾಡೋಕಾಗಲ್ಲ.

ತಿರಕಿಟ: ಬಸ್ಸಿನಲ್ಲಿ ಅರ್ಧ ಜನ ಒಂದೇ ಕಿವಿಗೆ ಇಯರ್‌ಫೋನ್ ಹಾಕಿರುತ್ತಾರೆ. ಅವರಿಗೆ ಬರೀ ಡಗ್ಗಾ ಕೇಳಿಸ್ತೀರಾ?

ಫೇಡರ್_ಮೂರು: ಜಗಳ ಆಮೇಲೆ ಮಾಡಿ, ನೀವಿಬ್ಬರೂ ಪ್ಯಾನ್ ಲಾ (ನಡುವೆ ಇಟ್ಟ ಸದ್ದನ್ನು ಸಾಫ್ಟ್‌ವೇರ್ ತಾನೇ ಎಷ್ಟು ಇಳಿಸುತ್ತೆ ಅನ್ನೋ ಸೆಟ್ಟಿಂಗ್) ನೋಡಿದ್ದೀರಾ? ನಾನು ಒಂದು ಸಾಫ್ಟ್‌ವೇರ್‌ನಲ್ಲಿ 0 ಡಿಬಿಯಲ್ಲಿ, ಅಂದರೆ ಏನೂ ಇಳಿಸದೆ, ಮಿಕ್ಸ್ ಮಾಡಿ, ನಡುವಿನದನ್ನು 3 ಡಿಬಿ ಇಳಿಸುವ ಇನ್ನೊಂದರಲ್ಲಿ ತೆರೆದೆ. ದನಿ, ಬೇಸ್ ಎರಡೂ ಮುಳುಗಿದವು, ಪಕ್ಕದ ಗಿಟಾರ್‌ಗಳು ಇದ್ದಲ್ಲೇ ಇದ್ದವು. ಕಾರಣ ಗೊತ್ತಾಗದೆ 42 ಟ್ರ್ಯಾಕ್‌ನ ಫೇಡರ್ (ವಾಲ್ಯೂಮ್ ಪಟ್ಟಿ) ಒಂದೊಂದಾಗಿ ಸರಿಮಾಡಿದೆ. ಮೂರು ವಾರ! ಗ್ರಾಹಕರು ಉಳಿದ 12,000 ಕೊಡಲೇ ಇಲ್ಲ.

ಎಡ_ನಡು_ಬಲ: ಹೆಡ್‌ಫೋನಲ್ಲೇ ಮಿಕ್ಸ್ ಮಾಡಿದರೆ ಹೀಗೇ. ಒಂದು ಜೊತೆ ಮಾನಿಟರ್ ಸ್ಪೀಕರ್ ತಗೊಳ್ಳಿ, ರೂಮಿನ ಪ್ರತಿಧ್ವನಿ ಕಮ್ಮಿಯಾಗೋಕೆ ಗೋಡೆಗೆ ಮೊಟ್ಟೆ ಟ್ರೇ ಹೊಡೀರಿ.

ಹಳೇ_ಕೀಬೋರ್ಡು: ಮೊಟ್ಟೆ ಟ್ರೇ ಮಾತು ದಯವಿಟ್ಟು ಬೇಡ. 200 ಟ್ರೇ ಅಂಟಿಸಿದ್ದೆ. ರೂಮಿನ ಮೂಲೆಯಲ್ಲಿ ಗುಂಯ್ ಅನ್ನುವ ಬೇಸ್ ಒಂಚೂರೂ ಕಮ್ಮಿ ಆಗಲಿಲ್ಲ, ಇಲಿ ಬಂತು. ಕಿತ್ತು ಬಿಸಾಕಿ, 6,500 ರೂಪಾಯಿಗೆ ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ನಾರು) ತಂದು ಮರದ ಚೌಕಟ್ಟಿನಲ್ಲಿ ನಾನೇ ಕೂರಿಸಿದೆ. ಬೇಕಿದ್ದರೆ ಬಂದು ಕೇಳಿ.

ಎಡ_ನಡು_ಬಲ: ನನ್ನ ರೂಮಿನಲ್ಲಿ ಆರು ವರ್ಷದಿಂದ ಟ್ರೇ ಇದೆ. ಇಲಿ ಬಂದಿಲ್ಲ.