ಬೇರೆಯವರ ಹೆಸರಿನ ಡೊಮೇನ್, ನಮ್ಮ ಜಾಹೀರಾತು: ನೋಟಿಸ್ ಬಂದರೆ ಏನು ಮಾಡಬೇಕು?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಮೇಡಂ, ನಮಸ್ಕಾರ. ನಾನು ಬಿ.ಕಾಂ. ಮುಗಿಸಿ ಅಪ್ಪನ ಟೈರ್ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷದ ಹಿಂದೆ ಎರಡು ಡೊಮೇನ್ (ವೆಬ್‌ಸೈಟ್ ವಿಳಾಸ) ಕೊಂಡೆ. ಒಂದರಲ್ಲಿ ಹೆಸರಾಂತ ಬೈಕ್ ಕಂಪನಿಯ ಹೆಸರಿನ ಜೊತೆಗೆ ‘ಬೆಲೆ’ ಎಂಬ ಪದ ಸೇರಿದೆ. ಇನ್ನೊಂದು ಕನ್ನಡದ ನಟರೊಬ್ಬರ ಪೂರ್ತಿ ಹೆಸರು. ಎರಡರಲ್ಲೂ ಗೂಗಲ್ ಜಾಹೀರಾತು ಬರುತ್ತದೆ. ತಿಂಗಳಿಗೆ ಏಳೆಂಟು ಸಾವಿರ ರೂಪಾಯಿ ಸಿಗುತ್ತದೆ, ತಂಗಿಯ ಹಾಸ್ಟೆಲ್ ಖರ್ಚು ಅದರಲ್ಲೇ ನಡೆಯುತ್ತಿದೆ. ಹೋದ ವಾರ ಬೈಕ್ ಕಂಪನಿಯ ವಕೀಲರಿಂದ ನೋಟಿಸ್ ಬಂದಿದೆ. ಹತ್ತು ದಿನದಲ್ಲಿ ಡೊಮೇನ್ ಬಿಟ್ಟುಕೊಡಬೇಕಂತೆ, ಗಳಿಕೆಯ ಲೆಕ್ಕವನ್ನೂ ಒಪ್ಪಿಸಬೇಕಂತೆ. ದುಡ್ಡು ಕೊಟ್ಟು ಕೊಂಡ ಡೊಮೇನ್ ನನ್ನದೇ ಅಲ್ಲವೇ? ‘ಎರಡು ಲಕ್ಷ ಕೇಳು, ಅವರಿಗೆ ಅದು ಯಾವ ಲೆಕ್ಕ’ ಎಂದು ಗೆಳೆಯರು ಹೇಳುತ್ತಿದ್ದಾರೆ. ಕೇಳಲೇ? ಪುಟದ ಚಿತ್ರ ಹಾಕಿದ್ದೇನೆ.

ಉತ್ತರ (ವಕೀಲೆ, ಟ್ರೇಡ್‌ಮಾರ್ಕ್ ವ್ಯವಹಾರ):
ತಮ್ಮಾ, ಮೊದಲು ಆ ಎರಡು ಲಕ್ಷದ ಮಾತು ಬಿಡಿ. ಆ ಒಂದು ಸಾಲು ಬರೆದು ಕಳುಹಿಸಿದರೆ ಎದುರು ಪಕ್ಷದ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತಾಗುತ್ತದೆ. ಡಾಟ್ ಕಾಮ್ ವಿಳಾಸಗಳ ವಿವಾದ ತೀರ್ಮಾನಿಸಲು ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಜಾರಿಗೆ ತಂದ ನಿಯಮಾವಳಿಯಲ್ಲಿ ದುರುದ್ದೇಶಕ್ಕೆ ಕೊಟ್ಟಿರುವ ಮೊದಲ ಉದಾಹರಣೆಯೇ ಇದು: ಖರ್ಚಿಗಿಂತ ಹೆಚ್ಚಿನ ಬೆಲೆಗೆ ಟ್ರೇಡ್‌ಮಾರ್ಕ್ ಒಡೆಯರಿಗೇ ಮಾರುವ ಉದ್ದೇಶದಿಂದ ಡೊಮೇನ್ ಕೊಳ್ಳುವುದು. ಚಿತ್ರದುರ್ಗದ ನನ್ನ ಕಕ್ಷಿದಾರರೊಬ್ಬರು ನನ್ನ ಬಳಿ ಬರುವ ಮೊದಲೇ ಇಂಥದ್ದೊಂದು ಉತ್ತರ ಕಳುಹಿಸಿಬಿಟ್ಟಿದ್ದರು. ಮುಂದೆ ದೂರಿನ ಜೊತೆ ಬಂದ ದಾಖಲೆಗಳಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಅವರದೇ ಆ ಪತ್ರ. ಅದನ್ನು ಓದಿದಾಗ ನನಗೆ ಆದ ಸಂಕಟ ಈಗಲೂ ಮರೆತಿಲ್ಲ.

‘ದುಡ್ಡು ಕೊಟ್ಟಿದ್ದೇನೆ’ ಎಂಬ ಮಾತಿಗೆ ಬರೋಣ. ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರಿದ ಕಂಪನಿ, ನಿಮಗೆ ಕೊಟ್ಟಿದ್ದು ವಿಳಾಸ ಮಾತ್ರ, ಅದರೊಳಗಿನ ಹೆಸರಿನ ಮೇಲೆ ಹಕ್ಕನ್ನಲ್ಲ. ಕರ್ನಾಟಕದಲ್ಲಿ ಎಲ್ಲಿ ಹೋದರೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಕಾಣುತ್ತದೆ, ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಊರಿನ ಹೆಸರು ಮತ್ತು ತಿಂಡಿಯ ಹೆಸರು. ಆದರೆ ನಮ್ಮ ಊರಿನ ಒಂದು ಹಳೆಯ ಹೋಟೆಲಿನ ಹೆಸರನ್ನೇ ಬರೆಸಿ ಬೇರೆಯವರು ಅಂಗಡಿ ತೆರೆದರೆ ಆ ಮಾಲೀಕರು ಸುಮ್ಮನಿರುತ್ತಾರೆಯೇ? ಡೊಮೇನ್ ಕೂಡ ಬೋರ್ಡೇ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾದ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಇತ್ಯರ್ಥಪಡಿಸಿದೆ. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಎಂಬ ಹೆಸರನ್ನು ಹೋಲುವ ‘ಸಿಫಿನೆಟ್’ ಎಂಬ ಡೊಮೇನ್ ಬಳಸುತ್ತಿದ್ದವರಿಗೆ ತಡೆಯಾಜ್ಞೆ ಉಳಿಯಿತು.

ನೀವು ಕಳುಹಿಸಿದ ಚಿತ್ರವನ್ನು ಎರಡು ಸಲ ನೋಡಿದೆ. ಮೇಲೆ ದಪ್ಪ ಅಕ್ಷರದಲ್ಲಿ ಬೈಕ್ ಕಂಪನಿಯ ಹೆಸರು, ಕೆಳಗೆ ನಿಮ್ಮದು ನಾಲ್ಕು ಸಾಲು, ಅದರ ಕೆಳಗಿನ ಮೊದಲ ಜಾಹೀರಾತು ಪ್ರತಿಸ್ಪರ್ಧಿ ಕಂಪನಿಯ ಬೈಕಿನದು! ಒಬ್ಬರ ಹೆಸರು ನಂಬಿ ಬಂದವರನ್ನು ಇನ್ನೊಬ್ಬರ ಬಾಗಿಲಿಗೆ ಕಳುಹಿಸಿ ನೀವು ಕೂಲಿ ಪಡೆಯುತ್ತಿದ್ದೀರಿ. ಜಾಹೀರಾತು ಆರಿಸಿದ್ದು ಗೂಗಲ್, ನಾನಲ್ಲ ಎಂಬ ವಾದವನ್ನು ಇಂಥ ಪ್ರಕರಣಗಳಲ್ಲಿ ಒಪ್ಪುವುದಿಲ್ಲ. ಡೊಮೇನ್ ಯಾರ ಹೆಸರಿನಲ್ಲಿದೆಯೋ ಹೊಣೆ ಅವರದೇ.

ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ. ಉಜಿ ನಿಸ್ಸಾನ್ ಎಂಬವರು 1994ರಲ್ಲಿ ತಮ್ಮದೇ ಮನೆತನದ ಹೆಸರಿನಲ್ಲಿ ನಿಸ್ಸಾನ್ ಡಾಟ್ ಕಾಮ್ ಕೊಂಡಿದ್ದರು. ಅವರದು ಕಂಪ್ಯೂಟರ್ ವ್ಯಾಪಾರ. ಮುಂದೆ ಆ ಪುಟದಲ್ಲಿ ವಾಹನಗಳಿಗೆ ಸಂಬಂಧಿಸಿದ ಜಾಹೀರಾತು ಹಾಕಿದರು, ಕಾರು ಕಂಪನಿ 1999ರಲ್ಲಿ ದಾವೆ ಹೂಡಿತು. ವರ್ಷಗಟ್ಟಲೆ ಹೋರಾಡಿ ಅವರು ಡೊಮೇನ್ ಉಳಿಸಿಕೊಂಡರು, ನಿಜ. ಆದರೆ ವಾಹನದ ಜಾಹೀರಾತು ಹಾಕಿದ್ದು ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದು 2004ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿತು. ಸ್ವಂತ ಹೆಸರಿದ್ದವರಿಗೇ ಜಾಹೀರಾತು ಮುಳುವಾಯಿತು. ನಿಮಗೆ ಆ ಹೆಸರಿನ ಆಸರೆಯೂ ಇಲ್ಲ.

ಕಂಪನಿ ಐಕ್ಯಾನ್ ನಿಯಮದಡಿ ದೂರು ಕೊಟ್ಟರೆ ಡೊಮೇನ್ ಲಾಕ್ ಆಗುತ್ತದೆ, ಅಂದರೆ ಬೇರೆಯವರಿಗೆ ವರ್ಗಾಯಿಸಲು ಬರುವುದಿಲ್ಲ, ಉತ್ತರಿಸಲು 20 ದಿನ ಸಿಗುತ್ತದೆ. ಅಲ್ಲಿ ಸೋತರೆ ಡೊಮೇನ್ ಹೋಗುತ್ತದೆ, ಪರಿಹಾರ ಕಟ್ಟಬೇಕಾಗಿಲ್ಲ. ಭಯ ಇರುವುದು ಕೋರ್ಟಿನ ದಾರಿಯಲ್ಲಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 135ನೇ ಕಲಂ ಪ್ರಕಾರ ತಡೆಯಾಜ್ಞೆಯ ಜೊತೆಗೆ ನಷ್ಟ ಪರಿಹಾರವನ್ನೋ ನೀವು ಗಳಿಸಿದ ಲಾಭವನ್ನೋ ಕೇಳಬಹುದು. 134ನೇ ಕಲಂ ಪ್ರಕಾರ, ಉಲ್ಲಂಘನೆಯ ದಾವೆಯನ್ನು ಅವರು ತಮ್ಮ ವ್ಯವಹಾರ ಇರುವ ಊರಿನಲ್ಲೂ ಹೂಡಬಹುದು. ಮುಂಬೈಗೋ ದೆಹಲಿಗೋ ಪ್ರತಿ ತಾರೀಖಿಗೆ ರೈಲು ಹತ್ತುವುದನ್ನು ಯೋಚಿಸಿ. ಗೂಗಲ್ ಖಾತೆಯೂ ಸುರಕ್ಷಿತವಲ್ಲ. ಇಲ್ಲದ ಸಂಬಂಧವನ್ನು ಇದೆ ಎಂಬಂತೆ ತೋರಿಸುವ ಪುಟಗಳನ್ನು ಅವರ ನಿಯಮ ಒಪ್ಪುವುದಿಲ್ಲ. ಖಾತೆ ಮುಚ್ಚಿದರೆ ನಿಮ್ಮ ಪ್ರಾಮಾಣಿಕ ಪುಟಗಳ ಆದಾಯವೂ ನಿಲ್ಲುತ್ತದೆ.

ಪ್ರಶ್ನೆ (ಮೊಬೈಲ್ ರಿಪೇರಿ ಅಂಗಡಿ, ಚಿತ್ರದುರ್ಗ):
ಮೇಡಂ, ನಾನು ಒಂದೇ ಕಂಪನಿಯ ಫೋನುಗಳ ರಿಪೇರಿ ಮಾಡುತ್ತೇನೆ. ಡೊಮೇನಿನಲ್ಲಿ ಆ ಹೆಸರಿದೆ. ಪುಟದ ಕೆಳಗೆ ‘ನಾವು ಅಧಿಕೃತರಲ್ಲ’ ಎಂದು ಬರೆದರೆ ಸಾಕೇ?

ಉತ್ತರ:
ನಿಮ್ಮ ಸ್ಥಿತಿ ಸ್ವಲ್ಪ ಬೇರೆ, ಏಕೆಂದರೆ ನೀವು ನಿಜವಾಗಿ ಕೆಲಸ ಮಾಡುತ್ತಿದ್ದೀರಿ. ಐಕ್ಯಾನ್ ನಿಯಮದಡಿ ಬಂದ 2001ರ ಓಕಿ ಡೇಟಾ ತೀರ್ಪು ಇಂಥ ವ್ಯಾಪಾರಿಗಳಿಗೆ ಆಧಾರ. ಆ ಕಂಪನಿಯ ವಸ್ತುಗಳ ವ್ಯವಹಾರ ನಿಜವಾಗಿ ಇರಬೇಕು, ಪುಟವನ್ನು ಅದಕ್ಕೆ ಮಾತ್ರ ಬಳಸಬೇಕು, ಕಂಪನಿಗೂ ನಿಮಗೂ ಇರುವ ಸಂಬಂಧ ಏನೆಂದು ಸ್ಪಷ್ಟವಾಗಿ ತಿಳಿಸಬೇಕು, ಆ ಹೆಸರಿನ ಡೊಮೇನುಗಳನ್ನೆಲ್ಲ ಗುಡ್ಡೆ ಹಾಕಿಕೊಳ್ಳಬಾರದು. ಬೇರೆ ಕಂಪನಿಯ ಫೋನಿನ ಜಾಹೀರಾತು ಬಂದರೆ ಆ ಆಧಾರ ಕುಸಿಯುತ್ತದೆ. ಯಾರೂ ಓದದ ಸಣ್ಣ ಅಕ್ಷರದಲ್ಲಿ ಕೊನೆಯಲ್ಲಿ ಬರೆಯಬೇಡಿ, ಮೇಲೆಯೇ ಬರೆಯಿರಿ. ನನ್ನನ್ನು ಕೇಳಿದರೆ ಡೊಮೇನಿಗೆ ಅಂಗಡಿಯ ಹೆಸರಿಡಿ, ಕಂಪನಿಯ ಹೆಸರು ‘ಇಂಥ ಫೋನ್ ರಿಪೇರಿ ಮಾಡುತ್ತೇವೆ’ ಎಂಬ ವಾಕ್ಯದೊಳಗೆ ಇರಲಿ. ಸಣ್ಣ ಉದ್ಯಮಿಗಳು ತಮ್ಮದೇ ಹೆಸರನ್ನು ಆನ್‌ಲೈನ್‌ನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಲು ಒಂದು ವರ್ಗದ ಸರಕು ಅಥವಾ ಸೇವೆಗೆ ಅರ್ಜಿ ಶುಲ್ಕ 4,500 ರೂಪಾಯಿ.

ಪ್ರಶ್ನೆ (ಮೊದಲು ಕೇಳಿದವರು):
ಮೇಡಂ, ಪತ್ರ ಕಳುಹಿಸಲಿಲ್ಲ, ಬೈಕ್ ಪುಟದ ಜಾಹೀರಾತನ್ನು ರಾತ್ರಿಯೇ ತೆಗೆದೆ. ನಟರ ಪುಟದ್ದು ಅಭಿಮಾನ, ಅವರ ಕಡೆಯಿಂದ ಯಾರೂ ಏನೂ ಕೇಳಿಲ್ಲ. ಅದು ಇರಲೇ?

ಉತ್ತರ:
ನಿಮ್ಮ ಅಭಿಮಾನ ನಿಜವೆಂದು ನಂಬುತ್ತೇನೆ. ಆದರೆ ಹಣ ಬರುವ ಕಡೆ ಅಭಿಮಾನವನ್ನು ಸಾಬೀತು ಮಾಡುವುದು ಕಷ್ಟ. ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಹೆಸರಿನ ಡೊಮೇನ್ ಬಗ್ಗೆ ಇಂಥ ದೂರು ಕೊಟ್ಟು 2001ರಲ್ಲಿ ಸೋತಿದ್ದಾರೆ, ನಿಜ. ಆದರೆ ನಟಿ ಜೂಲಿಯಾ ರಾಬರ್ಟ್ಸ್ 2000ದಲ್ಲಿ ಗೆದ್ದಿದ್ದಾರೆ, ಅವರ ಹೆಸರಿನ ಡೊಮೇನನ್ನು ಕೊಂಡಿದ್ದವನು ಹರಾಜಿಗೆ ಇಟ್ಟಿದ್ದ. ನಮ್ಮಲ್ಲಿ ಅರುಣ್ ಜೇಟ್ಲಿ ಅವರ ಹೆಸರಿನ ಡಾಟ್ ಕಾಮ್ ಪ್ರಕರಣದಲ್ಲಿ 2011ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2023ರಲ್ಲಿ ಅದೇ ಹೈಕೋರ್ಟ್ ನಟ ಅನಿಲ್ ಕಪೂರ್ ಅವರ ಹೆಸರು, ದನಿ, ಚಿತ್ರಗಳಿಗೆ ರಕ್ಷಣೆ ಕೊಟ್ಟು ಅವರ ಹೆಸರಿನ ಡೊಮೇನುಗಳ ಮೇಲೂ ಆದೇಶ ಹೊರಡಿಸಿತು. ಆ ಪುಟದ ಜಾಹೀರಾತನ್ನೂ ಇಂದೇ ತೆಗೆಯಿರಿ. ಬರೆದದ್ದನ್ನು ನಿಮ್ಮದೇ ಹೆಸರಿನ ಬೇರೆ ಡೊಮೇನಿಗೆ ಸಾಗಿಸಿ, ನಟರ ಹೆಸರು ಲೇಖನದ ಶೀರ್ಷಿಕೆಯಲ್ಲಿರಲಿ.

ಬೈಕ್ ಡೊಮೇನನ್ನು ಗೆಳೆಯರ ಹೆಸರಿಗೆ ವರ್ಗಾಯಿಸಬೇಡಿ, ನೋಟಿಸ್ ಬಂದ ಮೇಲೆ ಅದು ಕಳ್ಳಾಟದಂತೆ ಕಾಣುತ್ತದೆ. ಗಳಿಕೆಯ ಲೆಕ್ಕವನ್ನು ಅಳಿಸಬೇಡಿ. ನೋಟಿಸಿನ ಪ್ರತಿ, ಡೊಮೇನ್ ಕೊಂಡ ರಸೀದಿ, ಎರಡು ವರ್ಷದ ಬ್ಯಾಂಕ್ ಪಾಸ್‌ಬುಕ್ ಹಿಡಿದು ಸೋಮವಾರ ಸಂಜೆ ಐದರ ನಂತರ ಕಚೇರಿಗೆ ಬನ್ನಿ. ಡೊಮೇನ್ ಬಿಟ್ಟುಕೊಡುತ್ತೇವೆ, ಹಣದ ಬೇಡಿಕೆ ಕೈಬಿಡಿ ಎಂದು ಕೇಳುವ ಉತ್ತರವನ್ನು ಅಲ್ಲಿಯೇ ಕುಳಿತು ಬರೆಯೋಣ. ಅಪ್ಪನನ್ನೂ ಕರೆದುಕೊಂಡು ಬನ್ನಿ.