ಅಪ್‌ಡೇಟ್: ವಿದೇಶದ ಪಾಲುದಾರ ಕ್ಲಬ್‌ಗಳಿಗೆ ವಾರಾಂತ್ಯದ ಭೇಟಿ

ಶುಕ್ರವಾರ ಹೊರಟು ಭಾನುವಾರ ವಾಪಸಾಗುವಂತೆ ವಿದೇಶದ ಎರಡು ಪಾಲುದಾರ ಕ್ಲಬ್‌ಗಳಿಗೆ (ಒಪ್ಪಂದದಂತೆ ನಮ್ಮ ಸದಸ್ಯರನ್ನೂ ಒಳಬಿಡುವ ಕ್ಲಬ್‌ಗಳು) ಹೋಗುವ ನಮ್ಮ ಕ್ಲಬ್ಬಿನ ತಂಡಕ್ಕೆ ಪರಿಚಯಪತ್ರ, ಟಿಕೆಟ್, ಬಿಲ್ ಹೇಗೆ ಹೊಂದಿಸುವುದು ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೊನೆಗೆ ಗಟ್ಟಿಯಾಗಿ ನಿಂತದ್ದು ಇಷ್ಟು.

ಎಲ್ಲಕ್ಕಿಂತ ಮುಖ್ಯ ಪರಿಚಯಪತ್ರ. ಬರೀ ಸದಸ್ಯತ್ವದ ಕಾರ್ಡ್ ಅನೇಕ ಕಡೆ ಸಾಲದು. ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಸಹಿ ಮಾಡಿದ ಪತ್ರ ಮೊದಲೇ ಆ ಕ್ಲಬ್ಬಿನ ಕಚೇರಿಗೆ ಇಮೇಲ್ ಆಗಿರಬೇಕು. ಅದರಲ್ಲಿ ಪ್ರತಿಯೊಬ್ಬರ ಹೆಸರು, ಸದಸ್ಯತ್ವ ಸಂಖ್ಯೆ, ದಿನಾಂಕ, ಜೊತೆಗೆ ಬರುವ ಅತಿಥಿಗಳ ಹೆಸರು ಇರಲಿ. ಅತಿಥಿಯ ಹೆಸರು ಬಿಟ್ಟುಹೋದರೆ ರಿಸೆಪ್ಷನ್‌ನಲ್ಲೇ ತಡೆಯಬಹುದು. ಶನಿವಾರ ಕಚೇರಿಗೆ ರಜೆಯಿದ್ದರೆ ಅದನ್ನು ಸರಿಪಡಿಸುವವರೂ ಸಿಗುವುದಿಲ್ಲ. ಡ್ರೆಸ್ ಕೋಡನ್ನೂ ಆಗಲೇ ಕೇಳಿಬಿಡಿ: ಕಾಲರ್ ಇಲ್ಲದ ಟೀ ಶರ್ಟ್, ಚಪ್ಪಲಿ ಹಾಕಿಕೊಂಡವರನ್ನು ಡೈನಿಂಗ್ ಹಾಲ್‌ಗೆ ಬಿಡದ ಕ್ಲಬ್‌ಗಳಿವೆ.

ಸಾಮಾನ್ಯವಾಗಿ 10 ಜನರಿಂದ ಏರ್‌ಲೈನ್ ಗ್ರೂಪ್ ಬುಕಿಂಗ್ ಶುರು. ದರ ಅಗ್ಗವೆಂದು ನಂಬಬೇಡಿ (ಕಡಿಮೆ ದರದ ಸೀಟು ಅಷ್ಟೂ ಜನಕ್ಕೆ ಉಳಿದಿರುವುದೇ ಅಪರೂಪ). ಮುಂಗಡ ಕಟ್ಟಿ ಸೀಟು ಹಿಡಿದು, ಹೆಸರು ಆಮೇಲೆ ಕೊಡಬಹುದು ಎಂಬುದೇ ಲಾಭ. ಕೊನೆಯ ಗಳಿಗೆಯಲ್ಲಿ ಕೈಕೊಡುವ ಸದಸ್ಯರು ಎಲ್ಲ ಕ್ಲಬ್‌ಗಳಲ್ಲೂ ಇರುತ್ತಾರಲ್ಲ! ಹಿಂದಿರುಗುವ ದಿನದಿಂದ 6 ತಿಂಗಳು ಪಾಸ್‌ಪೋರ್ಟ್ ಅವಧಿ ಉಳಿದಿದ್ದರೆ ತಲೆನೋವಿಲ್ಲ.

ಆ ಕ್ಲಬ್‌ಗಳಿಗೆ ಕೊಡುವ ಉಡುಗೊರೆಗೆ ನಮ್ಮ ಕ್ಲಬ್ಬಿನ ಬಟ್ಟೆಯ ಪತಾಕೆ ಸಾಕು, ಮಡಚಿ ಕ್ಯಾಬಿನ್ ಬ್ಯಾಗಿಗೆ ಹಾಕಬಹುದು. ಗಾಜಿನ ಫಲಕ ಬೇಡ.

ಬಿಲ್ ಬಗ್ಗೆ: ಕೆಲವು ಕ್ಲಬ್‌ಗಳು ನಗದು ಮುಟ್ಟುವುದಿಲ್ಲ, ಲೆಕ್ಕವನ್ನು ನೇರ ನಮ್ಮ ಕ್ಲಬ್ಬಿಗೇ ಕಳಿಸುತ್ತವೆ. ಆರ್ಡರ್ ಕೊಡುವಾಗಲೇ ಒಬ್ಬೊಬ್ಬರ ಹೆಸರಲ್ಲಿ ಬೇರೆ ಚೀಟಿ ಬರೆಸಿ; ಒಟ್ಟು ಬಿಲ್ ಬಂದರೆ ಹಂಚುವಷ್ಟರಲ್ಲಿ ಖಜಾಂಚಿ ಸುಸ್ತು.