ಲೈನರ್ ಹೊಸದು, ಆದರೂ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ

ಪ್ರಶ್ನೆ (ಆನಗೋಡು, ದಾವಣಗೆರೆ)

ನಮಸ್ಕಾರ. ನನ್ನದು 2016ರ 110 ಸಿಸಿ ಬೈಕು. ಹಿಂದೆ, ಮುಂದೆ ಎರಡೂ ಕಡೆ ಡ್ರಮ್ ಬ್ರೇಕ್. ದಿನಾ ಬೆಳಿಗ್ಗೆ ಇಪ್ಪತ್ತು ಲೀಟರಿನ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಹೆದ್ದಾರಿಯಲ್ಲಿ ದಾವಣಗೆರೆಗೆ ಬರುತ್ತೇನೆ. ಎರಡು ತಿಂಗಳ ಹಿಂದೆ ಹಿಂದಿನ ಚಕ್ರಕ್ಕೆ ಹೊಸ ಲೈನರ್ (ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಹಾಕಿಸಿದೆ. ಅಂದಿನಿಂದಲೂ ಬ್ರೇಕ್ ಸಮಾಧಾನಕರವಾಗಿರಲಿಲ್ಲ, ಈಗಂತೂ ಪಿ.ಬಿ. ರಸ್ತೆಯಲ್ಲಿ ಗಾಂಧಿ ವೃತ್ತ ಸಮೀಪಿಸುವಾಗ ಮುಂದಿನ ಬ್ರೇಕನ್ನೇ ನೆಚ್ಚಿಕೊಳ್ಳಬೇಕಾಗಿದೆ. ಪೆಡಲ್ ಕೆಳಗೆ ಇಳಿದುಹೋಗುವುದಿಲ್ಲ, ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಚಕ್ರ ನಿಲ್ಲುವುದಿಲ್ಲ. ಗ್ಯಾರೇಜಿನವರು ಹೋದಾಗಲೆಲ್ಲ ಪೆಡಲಿನಿಂದ ಹಿಂದಿನ ಬ್ರೇಕಿಗೆ ಹೋಗುವ ರಾಡಿನ ನಟ್ಟನ್ನು ಎರಡು ಸುತ್ತು ಬಿಗಿ ಮಾಡಿ ಕಳಿಸುತ್ತಾರೆ. ಆಮೇಲೆ ಹಬ್ (ಚಕ್ರದ ನಡುಭಾಗ) ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಚೈನಿಗೆ ಹಳೆಯ ಇಂಜಿನ್ ಆಯಿಲ್ ಹಾಕುವ ರೂಢಿ ನನ್ನದು. ಅದೇ ಒಳಗೆ ಸೇರಿರಬಹುದೇ?

ಉತ್ತರ 1 (ಹರಿಹರ)

ಖಂಡಿತ ಚೈನಿನ ಆಯಿಲೇ ಸರ್. ಲೈನರ್ ಬಿಚ್ಚಿಸಿ ಪೆಟ್ರೋಲಿನಲ್ಲಿ ತೊಳೆದು, ಒಮ್ಮೆ ಬೆಂಕಿ ತಾಗಿಸಿದರೆ ಜಿಡ್ಡು ಸುಟ್ಟುಹೋಗುತ್ತದೆ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ.

ಉತ್ತರ 2 (ಚಿತ್ರದುರ್ಗ)

ದಯವಿಟ್ಟು ಬೆಂಕಿ ತಾಗಿಸಬೇಡಿ. ಲೈನರ್ ಹೀರಿಕೊಂಡ ಎಣ್ಣೆ ಸುಟ್ಟಾಗ ಮೇಲ್ಮೈಯಲ್ಲಿ ಮಾತ್ರ ಒಣಗುತ್ತದೆ. ಮತ್ತೆ ಬಿಸಿಯಾದ ಕೂಡಲೇ ಒಳಗಿನದು ಹೊರಬರುತ್ತದೆ, ಲೈನರ್ ಅಂಟಿಸಿದ ಗೋಂದೂ ದುರ್ಬಲವಾಗುತ್ತದೆ. ಎಣ್ಣೆ ಕುಡಿದ ಲೈನರಿಗೆ ಬದಲಾವಣೆಯೊಂದೇ ದಾರಿ.

ಇನ್ನು ಚೈನಿನ ವಿಷಯ. ಇಂತಹ ಬೈಕುಗಳಲ್ಲಿ ಚೈನ್ ಎಡಕ್ಕೂ ಬ್ರೇಕ್ ಪ್ಲೇಟ್ (ಡ್ರಮ್ಮಿನ ಬಾಯಿ ಮುಚ್ಚುವ ತಟ್ಟೆ) ಬಲಕ್ಕೂ ಇರುತ್ತವೆ. ನಡುವೆ ಇಡೀ ಹಬ್ ಇದೆ. ಚೈನಿನ ಆಯಿಲ್ ರಿಮ್ಮಿಗೆ, ಟೈರಿಗೆ ಸಿಡಿಯುತ್ತದೆ, ಡ್ರಮ್ಮಿನೊಳಗೆ ಹೋಗುವುದು ಅಪರೂಪ. ಒಳಗೆ ಜಿಡ್ಡು ಕಂಡರೆ ನಾನು ಮೊದಲು ಅನುಮಾನಿಸುವುದು ಬೇರಿಂಗಿಗೋ ಕ್ಯಾಮಿಗೋ (ಬ್ರೇಕ್ ತುಳಿದಾಗ ತಿರುಗಿ ಲೈನರನ್ನು ಡ್ರಮ್ಮಿಗೆ ಒತ್ತುವ ಭಾಗ) ಧಾರಾಳವಾಗಿ ಬಳಿದ ಗ್ರೀಸನ್ನು. ಕ್ಯಾಮಿಗೆ ಬೇಕಾದದ್ದು ಬೆರಳ ತುದಿಯಷ್ಟು ಮಾತ್ರ.

ಪೆಡಲ್ ಗಟ್ಟಿಯಾಗಿದೆ ಎಂದು ನೀವು ಬರೆದದ್ದರಲ್ಲೇ ಅರ್ಧ ಉತ್ತರವಿದೆ. ಪೆಡಲ್ ಆಳಕ್ಕೆ ಇಳಿಯುತ್ತಿದ್ದರೆ ಸವೆತ ಅಥವಾ ಸಡಿಲ ರಾಡ್ ಎನ್ನಬಹುದಿತ್ತು, ಆಗ ನಟ್ ಬಿಗಿ ಮಾಡುವುದು ಸರಿಯಾದ ಚಿಕಿತ್ಸೆಯಾಗುತ್ತಿತ್ತು. ಗಟ್ಟಿಯಾಗಿ ನಿಂತೂ ಹಿಡಿಯುವುದಿಲ್ಲವೆಂದರೆ ಲೈನರ್ ಡ್ರಮ್ಮಿಗೆ ತಾಗುತ್ತಿದೆ, ಆದರೆ ಉಜ್ಜುತ್ತಿಲ್ಲ, ಜಾರುತ್ತಿದೆ ಎಂದರ್ಥ. ಅದರ ಮೇಲೆ ನಟ್ ಬಿಗಿ ಮಾಡಿದ್ದರಿಂದ ಬ್ರೇಕ್ ಸದಾ ಅರ್ಧ ಹಿಡಿದುಕೊಂಡೇ ಓಡಿ, ಬಿಸಿಗೆ ಲೈನರಿನ ಮೈ ಗಾಜಿನಂತೆ ನುಣುಪಾಗಿರುತ್ತದೆ. ಪೆಡಲಿಗೆ 20ರಿಂದ 30 ಮಿ.ಮೀ. ಖಾಲಿ ಆಟ ಇರಲೇಬೇಕು.

ಬಿಚ್ಚುವ ಮುನ್ನ ಇನ್ನೊಂದನ್ನು ನೋಡಿ. ಕ್ಯಾಮಿನ ತುದಿಯಲ್ಲಿ ಒಂದು ಚುಕ್ಕೆ, ಅದಕ್ಕೆ ಕೂರಿಸಿದ ಲಿವರಿನ ಮೇಲೆ ಇನ್ನೊಂದು ಚುಕ್ಕೆ ಇರುತ್ತವೆ. ಎರಡೂ ಎದುರುಬದುರು ಇರಬೇಕು. ಹಳೆಯ ಲೈನರ್ ಸವೆದಾಗ ಕೆಲವರು ಹೊಸದು ಹಾಕುವ ಬದಲು ಲಿವರನ್ನು ಒಂದೆರಡು ಹಲ್ಲು ಹಿಂದಕ್ಕೆ ಸರಿಸಿ ಕೂರಿಸುತ್ತಾರೆ, ಮುಂದೆ ಹೊಸ ಲೈನರ್ ಬಂದಾಗ ಅದನ್ನು ಮರಳಿಸಲು ಮರೆಯುತ್ತಾರೆ. ಬ್ರೇಕ್ ತುಳಿದಾಗ ರಾಡ್ ಮತ್ತು ಲಿವರ್ ನಡುವೆ 90 ಡಿಗ್ರಿ ಇದ್ದರೆ ಪೂರ್ಣ ಬಲ ಸಿಗುತ್ತದೆ. 30 ಡಿಗ್ರಿ ತಪ್ಪಿದರೆ ನೂರಕ್ಕೆ ಸುಮಾರು 13 ಭಾಗ, 45 ತಪ್ಪಿದರೆ 29 ಭಾಗ ನಷ್ಟ. ಒಂದು ಹಲ್ಲಿನಿಂದ ಬ್ರೇಕ್ ಸಾಯುವುದಿಲ್ಲ, ಆದರೆ ಇರುವ ತೊಂದರೆಗೆ ಅದೂ ಸೇರುತ್ತದೆ.

ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರಮ್ಮಿನಲ್ಲಿ ಗರಿಷ್ಠ ವ್ಯಾಸವನ್ನು ಅಚ್ಚು ಹಾಕಿರುತ್ತಾರೆ, ಅದನ್ನೂ ಅಳೆಸಿ. ಚಕ್ರ ಮರಳಿ ಕೂರಿಸುವಾಗ ಆಕ್ಸಲ್ ನಟ್ಟನ್ನು ಸಡಿಲವಾಗಿಟ್ಟು, ಯಾರಿಂದಾದರೂ ಪೆಡಲ್ ತುಳಿಸಿ ಹಿಡಿದುಕೊಂಡೇ ಬಿಗಿ ಮಾಡಿ. ಲೈನರ್ ಅಂಟಿಸಿರುವ ಶೂಗಳು ಡ್ರಮ್ಮಿನ ನಡುವೆ ತಾವಾಗಿ ಕೂರುತ್ತವೆ. ಟಾರ್ಕ್ ಆರ್ಮಿನ ನಟ್ ಮತ್ತು ಅದರ ಪಿನ್ ಮರೆತರೆ ಬ್ರೇಕ್ ಪ್ಲೇಟೇ ಚಕ್ರದ ಜೊತೆ ತಿರುಗೀತು.

ಪ್ರಶ್ನೆ ಕೇಳಿದವರಿಂದ, ನಾಲ್ಕು ದಿನದ ನಂತರ

ಭಾನುವಾರ ಪರಿಚಯದ ಮೆಕ್ಯಾನಿಕ್ ಒಬ್ಬರ ಎದುರು ಕುಳಿತು ಬಿಚ್ಚಿಸಿದೆ. ಚುಕ್ಕೆಗಳ ನಡುವೆ ಎರಡು ಹಲ್ಲಿನ ಅಂತರವಿತ್ತು. ಒಳಗೆ ಕ್ಯಾಮಿನ ಸುತ್ತ ಹಳದಿ ಗ್ರೀಸ್ ಕರಗಿ, ಒಂದು ಶೂವಿನ ತುದಿಯವರೆಗೆ ಹರಿದು ಕಪ್ಪು ಪಟ್ಟಿಯಾಗಿತ್ತು. ಇನ್ನೊಂದು ಶೂ ಒಣಗಿದ್ದರೂ ನಡುವಿನಲ್ಲಿ ಎರಡು ಬೆರಳಗಲ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು; ಉಳಿದ ಭಾಗ ಡ್ರಮ್ಮನ್ನು ಮುಟ್ಟಿಯೇ ಇರಲಿಲ್ಲ. ಎರಡನ್ನೂ ತೆಗೆದು ಹೊಸ ಶೂ ಹಾಕಿದೆವು. ಡ್ರಮ್ಮನ್ನು ಥಿನ್ನರಿನಲ್ಲಿ ಒರೆಸಿ ಸ್ಯಾಂಡ್ ಪೇಪರ್ ತಿಕ್ಕಿ, ಲಿವರನ್ನು ಚುಕ್ಕೆಗೆ ಸರಿಯಾಗಿ ಕೂರಿಸಿ, ನೀವು ಹೇಳಿದಂತೆ ಪೆಡಲ್ ತುಳಿದುಕೊಂಡೇ ಆಕ್ಸಲ್ ಬಿಗಿ ಮಾಡಿದೆವು. ಈಗ ಕ್ಯಾನ್ ತುಂಬಿದ್ದರೂ ಬೈಕ್ ಬೇಕಾದಲ್ಲಿ ನಿಲ್ಲುತ್ತದೆ, ಹಬ್ ಬೆಚ್ಚಗಷ್ಟೇ ಇರುತ್ತದೆ. ಬೆಳಗಿನ ಮೊದಲ ಎರಡು ಬ್ರೇಕಿಗೆ ಕಿರ್ರೆನ್ನುವ ಸದ್ದು ಮಾತ್ರ ಬರುತ್ತಿದೆ.

ಉತ್ತರ 2 (ಚಿತ್ರದುರ್ಗ)

ರಾತ್ರಿ ಇಬ್ಬನಿಯಲ್ಲಿ ನಿಂತ ಡ್ರಮ್ಮಿಗೆ ತೆಳುವಾಗಿ ತುಕ್ಕು ಹಿಡಿದಿರುತ್ತದೆ, ಆ ಸದ್ದಿಗೆ ಹೆದರಬೇಕಾಗಿಲ್ಲ. ಲೈನರ್ ಡ್ರಮ್ಮಿಗೆ ಪೂರ್ತಿ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಹೆದ್ದಾರಿಯಲ್ಲಿ ಸ್ವಲ್ಪ ಅಂತರ ಇಟ್ಟುಕೊಂಡೇ ಓಡಿಸಿ, ಆಮೇಲೆ ಪೆಡಲಿನ ಆಟವನ್ನು ಮತ್ತೊಮ್ಮೆ ಅಳೆಯಿರಿ. ಚೈನ್ ಬಿಗಿ ಮಾಡಿಸಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿದು ರಾಡ್ ತಾನಾಗಿ ಎಳೆದುಕೊಳ್ಳುತ್ತದೆ, ಆಗ ನಟ್ಟನ್ನು ಅಷ್ಟು ಸಡಿಲಿಸಬೇಕಾಗುತ್ತದೆ.